ಮನೆಗೆ ಮಾರ್ಫಿನ್ ಗುಳಿಗೆ ತರುವುದು ಹೇಗೆ?

ದೊಡ್ಡಪ್ಪನ ಕ್ಯಾನ್ಸರ್ ಎಲುಬಿಗೆ ಇಳಿದ ಮೇಲೆ ಡಾಕ್ಟರು ನೋವು ತಗ್ಗಿಸಲು ಮಾರ್ಫಿನ್ ಶುರು ಮಾಡೋಣ ಅಂದರು. ಶಿರಸಿಯ ಮನೆಗೆ ಬಂದು ಹೇಳಿದ್ದೇ ತಡ, ಪಕ್ಕದ ಮನೆ ಅಜ್ಜ ಕೇಳಿದರು: "ಅದು ಗಾಂಜಾ ಹಂಗೇ ಅಲ್ದನೋ ತಮಾ?" ಆ ಹೆದರಿಕೆಯಲ್ಲೇ ಹತ್ತು ದಿನ ಕಳೆದೆವು. ಹತ್ತು ರಾತ್ರಿಯೂ ದೊಡ್ಡಪ್ಪ ಮಲಗಲಿಲ್ಲ.

ಹೆದರುವಂಥದ್ದು ಏನೂ ಇರಲಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಮಾದಕ ವಸ್ತುಗಳಿಗೆ ನಿಷೇಧ ಹಾಕಿದರೂ ಚಿಕಿತ್ಸೆಗೆ ಬಾಗಿಲು ಮುಚ್ಚಿಲ್ಲ. ತೊಂದರೆ ಇದ್ದದ್ದು ಲೈಸೆನ್ಸಿನಲ್ಲಿ. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಒಂದು ಆಸ್ಪತ್ರೆಗೆ ನಾಲ್ಕೈದು ಲೈಸೆನ್ಸ್, ಒಂದು ಸಿಗುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು, ಹಾಗಾಗಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಸಹವಾಸವೇ ಬೇಡ ಅಂತ ಬಿಟ್ಟಿದ್ದವು. 2014ರ ತಿದ್ದುಪಡಿಯ ನಂತರ ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು.

ಹಾಗಾಗಿ ಮೊದಲ ಕೆಲಸ ಆಸ್ಪತ್ರೆಗೆ ಫೋನ್ ಮಾಡುವುದು. "ನಿಮ್ಮಲ್ಲಿ ಮಾರ್ಫಿನ್ ಗುಳಿಗೆ ಇದೆಯಾ, ಮಾನ್ಯತೆ ಇದೆಯಾ" ಅಂತ ನೇರವಾಗಿ ಕೇಳಿ. ನಮ್ಮ ಜಿಲ್ಲೆಯವರಿಗೆ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಓಡುವುದು ಹೊಸದಲ್ಲ. ಆದರೆ ಘಟ್ಟ ಇಳಿದು ಹೋದಮೇಲೆ ಸ್ಟಾಕ್ ಇಲ್ಲ ಅನ್ನಿಸಿಕೊಳ್ಳುವುದು ಯಾಕೆ? ನಾವು ಅನ್ನಿಸಿಕೊಂಡು ಬಂದಿದ್ದೇವೆ. ವಿಡಿಯೋ ಕಾಲ್‌ನಲ್ಲಿ ಬರೆಸಿಕೊಳ್ಳುವ ದಾರಿಯೂ ಇಲ್ಲ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಇಂಥ ಔಷಧಕ್ಕೆ ಅವಕಾಶವಿಲ್ಲ.

ಚೀಟಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ. ರೋಗಿಯ ಹೆಸರು, ವಿಳಾಸ, ತಾರೀಖು, ಎಷ್ಟು ಹೊತ್ತಿಗೊಮ್ಮೆ, ಒಟ್ಟು ಎಷ್ಟು ಗುಳಿಗೆ, ಡಾಕ್ಟರ ಸಹಿ. ಒಂದು ಬಿಟ್ಟರೂ ಮತ್ತೆ ಸಾಲು. ಮತ್ತೆ ಕೊಡಬಹುದು ಅಂತ ಡಾಕ್ಟರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ. ನೋವಿನ ಟ್ರಮಡಾಲ್, ಆತಂಕಕ್ಕೆ ಕೊಡುವ ಅಲ್ಪ್ರಜೋಲಾಮ್ ಥರದ, ಚೀಟಿ ಇಲ್ಲದೆ ಮಾರಬಾರದ ಎಚ್1 ಪಟ್ಟಿಯ ಗುಳಿಗೆಗಳಿಗೆ ಮೆಡಿಕಲ್‌ನವರು ನಿಮ್ಮ ಹೆಸರು ಬರೆದುಕೊಂಡರೆ ಸಿಟ್ಟಾಗಬೇಡಿ. ಆ ರಿಜಿಸ್ಟರನ್ನು ಅವರು 3 ವರ್ಷ ಇಟ್ಟುಕೊಳ್ಳಬೇಕು.

ಮನೆಯಲ್ಲಿ ಒಬ್ಬರೇ ಕೊಡಿ. ನಮ್ಮಲ್ಲಿ ಅತ್ತಿಗೆ ಆ ಜವಾಬ್ದಾರಿ ಹೊತ್ತರು. ಮಳೆಗಾಲದ ಥಂಡಿಗೆ ಸ್ಟ್ರಿಪ್ಪನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಮಕ್ಕಳ ಕೈಗೆ ಸಿಗದಂತೆ ಕಪಾಟಿಗೆ ಬೀಗ ಹಾಕಿ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ "6 ಗಂಟೆ, 1, ಉಳಿದದ್ದು 23" ಅಂತ ಬರೆಯುತ್ತಿದ್ದರು. ನೋವು ಬಂದಾಗ ಕೊಡೋಣ ಅಂತ ಕಾಯಬೇಡಿ, ಡಾಕ್ಟರು ಹೇಳಿದ ಗಂಟೆಗೆ ಕೊಡಿ. ನಿಧಾನವಾಗಿ ಕರಗುವ ಗುಳಿಗೆಯಾದರೆ ಪುಡಿ ಮಾಡಲೇಬಾರದು. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೂ ಔಷಧಿ ಮೊದಲ ದಿನವೇ ಕೇಳಿ ತನ್ನಿ. ಎಬ್ಬಿಸಿದರೂ ಏಳದಂಥ ಮಂಪರು, ಉಸಿರು ನಿಧಾನ ಕಂಡರೆ ಮುಂದಿನ ಗುಳಿಗೆ ಕೊಡದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಯಾಣದಲ್ಲಿ ಗುಳಿಗೆ ಸ್ಟ್ರಿಪ್ಪಿನಲ್ಲೇ ಇರಲಿ, ಚೀಟಿ, ಬಿಲ್ಲು ಜೊತೆಗಿರಲಿ. ಗಡಿಯ ಮಾಜಾಳಿ ದಾಟಿ ಗೋವಾಕ್ಕೆ ಹೋದರೂ ಕಾಯ್ದೆ ಅದೇ. "ಸ್ವಲ್ಪ ಇದೆಯಷ್ಟೇ" ಅನ್ನುವ ಮಾತು ಕೆಲಸಕ್ಕೆ ಬರುವುದಿಲ್ಲ. ಮಾರ್ಫಿನ್‌ಗೆ ಸಣ್ಣ ಪ್ರಮಾಣ ಅಂದರೆ 5 ಗ್ರಾಂವರೆಗೆ, ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ತೂಕ ಹಾಕುವಾಗ ಮಾರ್ಫಿನ್ ಜೊತೆ ಬೆರೆಸಿದ ಬೇರೆ ವಸ್ತುವೂ ಲೆಕ್ಕಕ್ಕೆ ಬರುತ್ತದೆ. ಕಾಗದಪತ್ರ ಇಲ್ಲದೆ ಸಿಕ್ಕರೆ ಸಣ್ಣ ಪ್ರಮಾಣಕ್ಕೂ 1 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಜಾಸ್ತಿಯಾದರೆ 10 ವರ್ಷದವರೆಗೂ ಹೋಗಬಹುದು.

ದೊಡ್ಡಪ್ಪ ಹೋದಾಗ ಡಬ್ಬಿಯಲ್ಲಿ 14 ಗುಳಿಗೆ ಉಳಿದಿದ್ದವು. ಊರಲ್ಲೇ ಒಬ್ಬರು, ತಮ್ಮ ತಾಯಿಗೂ ಅದೇ ನೋವು, ಕೇಳಿಕೊಂಡು ಬಂದರು. ಕೊಡಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಬೇರೆಯವರಿಗೆ ಕೊಡುವುದು ಅಪರಾಧ, ಅವರಿಗೆ ಎಷ್ಟು ತಡೆಯುತ್ತದೋ ಅದೂ ಗೊತ್ತಿಲ್ಲ. ಅವರಿಗೆ ಆಸ್ಪತ್ರೆಯ ನಂಬರ್ ಬರೆದುಕೊಟ್ಟೆ. ಹದಿನಾಲ್ಕನ್ನೂ ತಂದ ಆಸ್ಪತ್ರೆಗೇ ವಾಪಸ್ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಂಡು ಬಂದೆ.