ಇಂಜಿನ್ ಮಿಸ್ಸಿಂಗ್ ಹೊಡೀತಿದ್ರೆ ಕಾಯಿಲ್ ಹೋಗಿದ್ಯಾ, ಪ್ಲಗ್ ವೈರ್ ಹೋಗಿದ್ಯಾ ಅಂತ ಹಿಡಿಯೋದು ಹೇಗೆ

ಮಿಸ್ಸಿಂಗ್ ಅಂದ್ರೆ ಯಾವುದೋ ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಉರೀದೆ ಇಂಜಿನ್ ಎಳೆದಾಡೋದು. ಹಂಗಾದ ತಕ್ಷಣ ತುಂಬಾ ಜನ ಒಂದು ಹೊಸ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಮಾಡೋ ಪಾರ್ಟ್) ತಂದು ಹಾಕ್ತಾರೆ, ಸರಿ ಹೋಗ್ಲಿಲ್ಲ ಅಂದ್ರೆ ಪ್ಲಗ್ (ಸಿಲಿಂಡರ್ ಒಳಗೆ ಕಿಡಿ ಹಾರಿಸೋದು), ಅದೂ ಆಗ್ಲಿಲ್ಲ ಅಂದ್ರೆ ವೈರ್ ಸೆಟ್ಟು, ಹೀಗೆ ದುಡ್ಡು ಸುರೀತಾ ಹೋಗಿ ಕೊನೆಗೆ ಏನು ಹಾಳಾಗಿತ್ತು ಅನ್ನೋದೇ ಗೊತ್ತಾಗಲ್ಲ. ದಯವಿಟ್ಟು ಹಂಗೆ ಮಾಡ್ಬೇಡಿ. ಮೊದ್ಲು ಯಾವ ಸಿಲಿಂಡರ್ ಅಂತ ಹಿಡೀರಿ, ಆಮೇಲೆ ಗಾಡಿಲಿರೋ ಪಾರ್ಟನ್ನೇ ಜಾಗ ಬದಲಾಯಿಸಿ ನೋಡಿ, ತೊಂದ್ರೆ ಪಾರ್ಟ್ ಹಿಂದೆ ಹೋಯ್ತಾ ಇಲ್ಲಾ ಅದೇ ಸಿಲಿಂಡರಲ್ಲೇ ಉಳೀತಾ ಅಂತ. ಅರ್ಧ ಕೆಲಸ ಇದ್ರಲ್ಲೇ ಮುಗಿಯತ್ತೆ.

ಕೈ ಹಾಕೋಕೆ ಮುಂಚೆ ಒಂದು ವಿಷ್ಯ. ಪ್ಲಗ್ ವೈರಲ್ಲಿ ಓಡೋದು 20,000 ದಿಂದ 40,000 ವೋಲ್ಟ್, ಕೆಲವು ಸಿಸ್ಟಮಲ್ಲಿ ಅದಕ್ಕಿಂತ ಜಾಸ್ತಿನೂ ಇರತ್ತೆ. ಇಂಜಿನ್ ಓಡ್ತಿರುವಾಗ ವೈರನ್ನ ಕೈಯಲ್ಲಿ ಎಳೆದು ಕಿಡಿ ನೋಡೋ ಹಳೇ ಅಭ್ಯಾಸ ಬಿಟ್ಬಿಡಿ, ಶಾಕ್ ಹೊಡಿಯೋದು ಒಂದು ಕಡೆ, ಕರೆಂಟ್ ಹೋಗೋಕೆ ದಾರಿ ಸಿಗದೆ ಕಾಯಿಲ್ ಒಳಗಿನ ಇನ್ಸುಲೇಷನ್ ಅಥವಾ ಕಾಯಿಲನ್ನ ಆನ್ ಆಫ್ ಮಾಡೋ ಇಗ್ನಿಷನ್ ಮಾಡ್ಯೂಲೇ ಸುಟ್ಟು ಹೋಗ್ಬೋದು. ಎದೆಯಲ್ಲಿ ಪೇಸ್‌ಮೇಕರ್ ಇರೋರು ಓಡ್ತಿರೋ ಇಂಜಿನ್ ಹತ್ರ ಈ ಕೆಲಸಕ್ಕೆ ಹೋಗ್ಲೇಬಾರ್ದು.

ಇಗ್ನಿಷನ್ ಮಿಸ್ಸಿಂಗ್‌ಗೆ ಅದರದ್ದೇ ಒಂದು ನಡವಳಿಕೆ ಇದೆ. ಐಡ್ಲಿಂಗಲ್ಲಿ (ಆಕ್ಸಿಲರೇಟರ್ ತುಳೀದೆ ನಿಂತಲ್ಲೇ ಇಂಜಿನ್ ಓಡುವಾಗ) ಚೆನ್ನಾಗೇ ಇರತ್ತೆ, ಏರು ಹತ್ತುವಾಗ ಮೇಲಿನ ಗೇರಲ್ಲಿ ಆಕ್ಸಿಲರೇಟರ್ ತುಳಿದ್ರೆ ಮಾತ್ರ ಎಳೆದಾಡತ್ತೆ. ಯಾಕಂದ್ರೆ ಲೋಡ್ ಬಿದ್ದಾಗ ಸಿಲಿಂಡರ್ ಒಳಗೆ ಪ್ರೆಷರ್ ಜಾಸ್ತಿ, ಆ ಪ್ರೆಷರಲ್ಲಿ ಪ್ಲಗ್ ಗ್ಯಾಪ್ ದಾಟೋಕೆ ವೋಲ್ಟೇಜೂ ಜಾಸ್ತಿ ಬೇಕು, ಆಗ ಕರೆಂಟು ಪ್ಲಗ್ ಬಿಟ್ಟು ವೈರಿನ ಬಿರುಕಲ್ಲಿ ಸುಲಭದ ದಾರಿ ಹುಡುಕ್ಕೊಂಡು ಇಂಜಿನ್ನಿನ ಲೋಹಕ್ಕೆ ಹಾರಿಬಿಡತ್ತೆ. ಮಳೆ ಬಂದಾಗ, ಬೆಳಗ್ಗೆ ಇಬ್ಬನಿ ಇದ್ದಾಗ ಮಾತ್ರ ಮಿಸ್ಸಿಂಗ್ ಇದ್ರೆ ವೈರು, ಬೂಟು (ವೈರ್ ಅಥವಾ ಕಾಯಿಲಿನ ತುದಿಲಿ ಪ್ಲಗ್ ಮೇಲೆ ಕೂರೋ ರಬ್ಬರ್ ಟೋಪಿ), ಕಾಯಿಲ್ ಮೇಲಿನ ಬಿರುಕು ಇವುಗಳ ಮೇಲೆ ಅನುಮಾನ ಪಡಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿ ಏರಿದ್ಮೇಲೆ ಶುರುವಾದ್ರೆ ಕಾಯಿಲ್ ಒಳಗಿನ ತಂತಿ ಸುತ್ತು ಬಿಸಿಗೆ ಬಿಟ್ಟುಕೊಳ್ತಿರೋ ಸಾಧ್ಯತೆ ಜಾಸ್ತಿ. ಇದಕ್ಕೆ ಉಲ್ಟಾ, ಐಡ್ಲಿಂಗಲ್ಲಿ ಮಾತ್ರ ನಡುಗಿ ರೇಸ್ ಕೊಟ್ರೆ ಸರಿ ಹೋಗ್ತಿದ್ರೆ ವ್ಯಾಕ್ಯೂಮ್ ಲೀಕ್ (ಪೈಪ್ ಇಲ್ಲಾ ಗ್ಯಾಸ್ಕೆಟ್ ಸಂದಿಂದ ಇಂಜಿನ್ ಒಳಗೆ ಬೇಡದ ಗಾಳಿ ಸೇರೋದು) ಮೊದ್ಲು ನೋಡಿ.

ಚೆಕ್ ಇಂಜಿನ್ ಲೈಟು ಮಿಣುಕ್ತಾ ಇದ್ರೆ ರೇಸ್ ಮಾಡ್ಬೇಡಿ, ಆದಷ್ಟು ಬೇಗ ಗಾಡಿ ನಿಲ್ಲಿಸಿ. ಉರೀದೆ ಇರೋ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡೋ ಪಾರ್ಟ್) ಒಳಗೆ ಉರಿಯತ್ತೆ, ಅದು ಕರಗಿದ್ರೆ ಕಾಯಿಲ್‌ಗಿಂತ ಎಷ್ಟೋ ಪಟ್ಟು ದೊಡ್ಡ ಖರ್ಚು.

ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿಂದ ತೊಂದ್ರೆಯ ಕೋಡ್ ಓದೋ ಯಂತ್ರ) ಇದ್ರೆ ಕೋಡ್ ಓದಿ. ಪಿ0301 ಅಂದ್ರೆ ಒಂದನೇ ಸಿಲಿಂಡರ್, ಪಿ0302 ಎರಡನೇದು, ಪಿ0300 ಅಂದ್ರೆ ಬೇರೆ ಬೇರೆ ಸಿಲಿಂಡರಲ್ಲಿ ಮಿಸ್ ಆಗ್ತಿದೆ ಅಂತ. ಪಿ0351 ರಿಂದ ಶುರುವಾಗೋ ಕೋಡುಗಳು ಕಾಯಿಲಿನ ಸರ್ಕ್ಯೂಟ್ ಬಗ್ಗೆ, ಅವು ಬಂದ್ರೆ ಕಾಯಿಲ್ ಬದಲಾಯಿಸೋ ಮುಂಚೆ ಅದರ ಕನೆಕ್ಟರು, ವೈರಿಂಗ್ ನೋಡಿ. ಇನ್ನೊಂದು, ಮಿಸ್ಸಿಂಗ್ ಜೊತೆ ಲೀನ್ ಕೋಡ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅನ್ನೋ ಕೋಡ್) ಬಂದಿದ್ರೆ ಪೆಟ್ರೋಲ್ ಕಡಿಮೆ ಅಂತ ಪಂಪಿಗೆ ಕೈ ಹಾಕ್ಬೇಡಿ. ಉರೀದೆ ಹೋದ ಸಿಲಿಂಡರಿಂದ ಆಕ್ಸಿಜನ್ ಹಂಗೇ ಹೊರಗೆ ಬರತ್ತೆ, ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಅದನ್ನ ನೋಡಿ ಲೀನ್ ಅನ್ಕೊಳತ್ತೆ ಅಷ್ಟೇ.

ಸ್ಕ್ಯಾನರ್ ಇಲ್ಲಾಂದ್ರೆ ಐಡ್ಲಿಂಗಲ್ಲಿ ಒಂದೊಂದೇ ಇಂಜೆಕ್ಟರಿನ (ಪೆಟ್ರೋಲ್ ಚಿಮ್ಮೋ ಪಾರ್ಟ್) ಕನೆಕ್ಟರ್ ಬಿಚ್ಚಿ ನೋಡಿ. ಚೆನ್ನಾಗಿರೋ ಸಿಲಿಂಡರಿಂದು ಬಿಚ್ಚಿದ್ರೆ ಇಂಜಿನ್ ಕುಸಿಯತ್ತೆ, ನಡುಗತ್ತೆ, ಯಾವುದನ್ನ ಬಿಚ್ಚಿದ್ರೂ ಏನೂ ವ್ಯತ್ಯಾಸ ಗೊತ್ತಾಗಲ್ವೋ ಅದೇ ಕಳ್ಳ. ಇಂಜೆಕ್ಟರ್ ಬಿಚ್ಚಿದ್ರೆ ಆ ಸಿಲಿಂಡರಿಗೆ ಪೆಟ್ರೋಲೇ ಹೋಗಲ್ಲ, ಕನ್ವರ್ಟರಿಗೂ ಒಳ್ಳೇದು. ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮೋ) ಗಾಡಿಲಿ ಮಾತ್ರ ಇದನ್ನ ಮಾಡ್ಬೇಡಿ, ಅದರ ಇಂಜೆಕ್ಟರಿಗೇ ಹೆಚ್ಚಿನ ವೋಲ್ಟೇಜ್ ಹೋಗತ್ತೆ.

ಈಗ ಇಂಜಿನ್ ಆಫ್ ಮಾಡಿ, ತಣ್ಣಗಾಗೋಕೆ ಬಿಡಿ, ಆಮೇಲೆ ಬದಲಾಯಿಸೋ ಕೆಲಸ. ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಕೂರೋ ಗಾಡಿ ಆದ್ರೆ ತುಂಬಾ ಸುಲಭ, ಮಿಸ್ ಆಗ್ತಿರೋದು ಎರಡನೇ ಸಿಲಿಂಡರ್ ಅಂದ್ಕೊಳಿ, ಅದರ ಕಾಯಿಲ್ ತೆಗೆದು ಮೂರಕ್ಕೆ ಹಾಕಿ, ಮೂರರದ್ದು ಎರಡಕ್ಕೆ, ಕೋಡ್ ಅಳಿಸಿ ಲೋಡಲ್ಲಿ ಓಡಿಸಿ. ಪಿ0302 ಹೋಗಿ ಪಿ0303 ಬಂತಾ, ಕಾಯಿಲೇ ಹೋಗಿದೆ. ಅದೇ ಪಿ0302 ಬಂತಾ, ಕಾಯಿಲ್ ಬಿಟ್ಟು ಪ್ಲಗ್ಗಿನ ಜಾಗ ಬದಲಾಯಿಸಿ ನೋಡಿ. ಒಂದ್ಸಲಕ್ಕೆ ಒಂದೇ ಪಾರ್ಟ್ ಬದಲಾಯಿಸಿ, ಎರಡೂ ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಅಂತ ತಿಳಿಯಲ್ಲ.

ಕಾಯಿಲ್ ಪ್ಯಾಕಿಂದ ಉದ್ದ ವೈರ್ ಹೋಗೋ ಗಾಡಿಗಳಲ್ಲಿ ಸ್ವಲ್ಪ ತಲೆ ಉಪಯೋಗಿಸ್ಬೇಕು. ನಾಲ್ಕು ಸಿಲಿಂಡರ್ ಇಂಜಿನಲ್ಲಿ ಸಾಮಾನ್ಯವಾಗಿ 1 ಮತ್ತು 4ಕ್ಕೆ ಒಂದು ಕಾಯಿಲು, 2 ಮತ್ತು 3ಕ್ಕೆ ಇನ್ನೊಂದು, ಎರಡೂ ಒಂದೇ ಡಬ್ಬಿಯೊಳಗೆ. 1 ಮತ್ತು 4 ಎರಡಕ್ಕೂ ಒಟ್ಟಿಗೆ ಕಿಡಿ ಹೋಗತ್ತೆ, ಒಂದು ಕೆಲಸಕ್ಕೆ, ಇನ್ನೊಂದು ಎಕ್ಸಾಸ್ಟ್ ಸ್ಟ್ರೋಕಲ್ಲಿ (ಹೊಗೆ ಹೊರಗೆ ಹೋಗೋ ಹೊತ್ತಲ್ಲಿ) ಸುಮ್ನೆ. ಒಂದು ವೈರು, ಅದರ ಪ್ಲಗ್ಗು, ಇಂಜಿನ್ ಬ್ಲಾಕು, ಆ ಕಡೆ ಪ್ಲಗ್ಗು, ಆ ಕಡೆ ವೈರು, ವಾಪಸ್ ಕಾಯಿಲು, ಇದು ಒಂದೇ ಸುತ್ತು. ಹಾಗಾಗಿ 1 ಮತ್ತು 4 ಎರಡೂ ಮಿಸ್ ಆಗ್ತಿದ್ರೆ ಕಾಯಿಲಿನ ಆ ಭಾಗ ಅಥವಾ ಅದಕ್ಕೆ ಬರೋ ಸಿಗ್ನಲ್ ಮೇಲೆ ಅನುಮಾನ. ಒಂದೇ ಸಿಲಿಂಡರ್ ಆದ್ರೆ ಹೆಚ್ಚಾಗಿ ಅದರ ವೈರು ಇಲ್ಲಾ ಪ್ಲಗ್ಗು ಲೀಕು. ಆದ್ರೆ ಒಂದು ವೈರ್ ಒಳಗೆ ಪೂರ್ತಿ ಕಟ್ ಆಗಿದ್ರೂ ಸುತ್ತೇ ಮುರಿಯೋದ್ರಿಂದ ಜೋಡಿ ಸಿಲಿಂಡರೂ ತೊಂದ್ರೆ ಕೊಡ್ಬೋದು, ಅದಕ್ಕೇ ವೈರ್ ಅಳತೆ ಮಾಡದೆ ಕಾಯಿಲಿಗೆ ತೀರ್ಪು ಕೊಡ್ಬೇಡಿ.

ವೈರ್ ತೆಗಿಯುವಾಗ ಬೂಟ್ ಹಿಡಿದು ತಿರುಗಿಸಿ ಎಳೀರಿ, ವೈರನ್ನೇ ಎಳೆದ್ರೆ ಒಳಗಿನ ಕಾರ್ಬನ್ ಎಳೆ ಕಿತ್ತು ಬರತ್ತೆ. ಒಂದೊಂದಕ್ಕೂ ಟೇಪ್ ಅಂಟಿಸಿ ನಂಬರ್ ಬರೀರಿ. ಮಲ್ಟಿಮೀಟರ್ ಓಮ್ಸಲ್ಲಿ ಇಟ್ಟು ಎರಡೂ ತುದಿಗೆ ಹಿಡಿದ್ರೆ ಕೆಲವು ಸಾವಿರ ಓಮ್ ತೋರಿಸೋದು ಸಹಜ, ಉದ್ದ ವೈರಿಗೆ ಜಾಸ್ತಿ, ಗಿಡ್ಡಕ್ಕೆ ಕಡಿಮೆ. ಸರಿಯಾದ ನಂಬರ್ ಗಾಡಿಯ ಸರ್ವಿಸ್ ಮ್ಯಾನುಯಲಲ್ಲಿ ಇರತ್ತೆ, ಅದಿಲ್ದಿದ್ರೂ ನಾಲ್ಕರಲ್ಲಿ ಒಂದು ಮಾತ್ರ ಉದ್ದಕ್ಕೆ ತಾಳೆ ಆಗದಷ್ಟು ಜಾಸ್ತಿ ಇದ್ರೆ, ಅಥವಾ ಮೀಟರ್ ಏನೂ ತೋರಿಸ್ಲಿಲ್ಲ ಅಂದ್ರೆ ಅದು ಹೋಗಿದೆ. ಅಳೀತಾನೇ ವೈರನ್ನ ಮೆಲ್ಲಗೆ ಬಗ್ಗಿಸಿ, ನಂಬರ್ ಕುಣಿದ್ರೂ ಹೋಗಿದೆ ಅಂತಾನೇ.

ಆದ್ರೆ ಓಮ್ಸ್ ಸರಿಯಿದೆ ಅಂದ್ರೆ ವೈರ್ ಸರಿಯಿದೆ ಅಂತಲ್ಲ, ಇದನ್ನ ತುಂಬಾ ಜನ ಮರೀತಾರೆ. ಮೀಟರ್ ಕೆಲವೇ ವೋಲ್ಟಲ್ಲಿ ನೋಡತ್ತೆ, ಇನ್ಸುಲೇಷನ್ ಸೋರೋದು ಸಾವಿರಾರು ವೋಲ್ಟಲ್ಲಿ. ಅದಕ್ಕೆ ಕತ್ತಲಲ್ಲಿ ಬಾನೆಟ್ ತೆಗೆದು, ಇಂಜಿನ್ ಐಡ್ಲಿಂಗಲ್ಲಿ ಬಿಟ್ಟು, ಸ್ಪ್ರೇ ಬಾಟಲಿಂದ ಬರೀ ನೀರನ್ನ ಮಂಜಿನ ಥರ ವೈರ್ ಮೇಲೆ, ಕಾಯಿಲ್ ಮೇಲೆ ಹೊಡೀರಿ. ಕನೆಕ್ಟರ್ ಕಡೆ ಬೇಡ, ಕೈ ದೂರ ಇರ್ಲಿ, ಬೆಲ್ಟು ಫ್ಯಾನಿನ ಹತ್ರ ಬಟ್ಟೆ ಹೋಗ್ದಿರೋ ಹಾಗೆ ನೋಡ್ಕೊಳಿ. ನೀಲಿ ಕಿಡಿ ಹಾರಿದ್ರೆ, ಚಟಚಟ ಸದ್ದು ಬಂದ್ರೆ, ಇಂಜಿನ್ ಎಡವಿದ್ರೆ ಜಾಗ ಸಿಕ್ತು.

ಕಾಯಿಲನ್ನ ಅಳಿಯೋದಕ್ಕೆ ಮಿತಿ ಇದೆ. ಎರಡು ಪಿನ್ನಿನ ಸಾದಾ ಕಾಯಿಲಾದ್ರೆ ಪ್ರೈಮರಿ (ಆ ಎರಡು ಪಿನ್ ಮಧ್ಯೆ) ಸುಮಾರು ಅರ್ಧ ಓಮಿಂದ ಎರಡು ಓಮ್ ಒಳಗೆ, ಜೋಡಿ ಕಾಯಿಲಾದ್ರೆ ಎರಡು ಟವರ್ (ಪ್ಲಗ್ ವೈರ್ ಕೂರೋ ಮೂತಿ) ಮಧ್ಯೆ ಸಾವಿರಾರು ಓಮ್. ಪ್ಲಗ್ ಮೇಲೆ ಕೂರೋ ಕಾಯಿಲಿಗೆ ಮೂರು ನಾಲ್ಕು ಪಿನ್ ಇದ್ರೆ ಸಾಮಾನ್ಯವಾಗಿ ಒಳಗೇ ಇಗ್ನೈಟರ್ (ಕಾಯಿಲನ್ನ ಆನ್ ಆಫ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್) ಇರತ್ತೆ, ಅಲ್ಲಿ ಮೀಟರ್ ಹಿಡಿದು ಅರ್ಥ ಇಲ್ಲ, ಜಾಗ ಬದಲಾಯಿಸಿ ನೋಡೋದೇ ಸರಿ.

ಪ್ಲಗ್ ಬಿಚ್ಚಿದಾಗ ಬಿಳೀ ಪಿಂಗಾಣಿ ಮೇಲೆ ಪೆನ್ಸಿಲಲ್ಲಿ ಗೀಚಿದ ಹಾಗೆ ಕಪ್ಪು ಗೆರೆ ಇದ್ರೆ ಕರೆಂಟ್ ಹೊರಗಿಂದಾನೇ ಜಾರಿದೆ ಅಂತ. ಅಂಥ ಗೆರೆ ಬೂಟ್ ಒಳಗೂ ಮೂಡಿರತ್ತೆ, ಹಾಗಾಗಿ ಪ್ಲಗ್ ಮಾತ್ರ ಹೊಸದು ಹಾಕಿದ್ರೆ ಮತ್ತೆ ಅದೇ ಕಥೆ, ಬೂಟನ್ನೂ ಬದಲಾಯಿಸಿ. ಪ್ಲಗ್ ಗುಂಡಿಲಿ ಆಯಿಲ್ ನಿಂತಿದ್ರೆ ಮೊದ್ಲು ಮೇಲಿನ ಕವರಿನ ಗ್ಯಾಸ್ಕೆಟ್, ಟ್ಯೂಬ್ ಸೀಲ್ ಸರಿ ಮಾಡಿಸಿ, ಇಲ್ಲಾಂದ್ರೆ ಹೊಸ ಕಾಯಿಲಿನ ಬೂಟಿನ ರಬ್ಬರೂ ಆಯಿಲಲ್ಲಿ ನೆಂದು ಉಬ್ಬಿ ಮೆತ್ತಗಾಗಿ ಹಾಳಾಗತ್ತೆ. ಸವೆದ ಪ್ಲಗ್ಗಿನ ಗ್ಯಾಪ್ ದೊಡ್ಡದಾದಷ್ಟೂ ಕಾಯಿಲ್ ಜಾಸ್ತಿ ವೋಲ್ಟೇಜ್ ಎತ್ಬೇಕು, ಅದೇ ಕಾರಣಕ್ಕೆ ಎಷ್ಟೋ ಕಾಯಿಲ್ ಬೇಗ ಸಾಯತ್ತೆ, ಆದ್ದರಿಂದ ಸವೆದ ಪ್ಲಗ್ ಬಿಟ್ಟು ಕಾಯಿಲ್ ಮಾತ್ರ ಹಾಕೋದು ದುಡ್ಡು ದಂಡ.

ಜೋಡಿಸುವಾಗ ಬೂಟ್ ಒಳಗೆ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಸದ ಗ್ರೀಸ್) ಸವರಿ, ಟಕ್ ಅಂತ ಕೂರೋವರೆಗೂ ಒತ್ತಿ, ವೈರುಗಳನ್ನ ಕ್ಲಿಪ್ಪಲ್ಲೇ ಕೂರಿಸಿ, ಸೈಲೆನ್ಸರ್ ಪೈಪಿಗೆ ತಾಗ್ದಿರ್ಲಿ. ಆಮೇಲೆ ಕೋಡ್ ಅಳಿಸಿ ಮೊದ್ಲು ಎಲ್ಲಿ ಎಳೆದಾಡ್ತಿತ್ತೋ ಅದೇ ಥರ ಲೋಡಲ್ಲಿ ಓಡಿಸಿ ಮತ್ತೆ ಸ್ಕ್ಯಾನ್ ಮಾಡಿ. ಕಾಯಿಲು, ವೈರು, ಪ್ಲಗ್ಗು ಮೂರನ್ನೂ ಬದಲಾಯಿಸಿ ನೋಡಿದ್ಮೇಲೂ ಅದೇ ಸಿಲಿಂಡರ್ ಮಿಸ್ ಆಗ್ತಿದ್ರೆ ಇಗ್ನಿಷನ್ ಪಾರ್ಟ್ ತರೋದು ನಿಲ್ಲಿಸಿ, ಕಾಯಿಲಿಗೆ ಬರೋ ಸಿಗ್ನಲ್ ಇದ್ಯಾ ನೋಡಿ, ಇದ್ರೆ ಕಂಪ್ರೆಷನ್ ಟೆಸ್ಟು (ಸಿಲಿಂಡರ್ ಒಳಗೆ ಪ್ರೆಷರ್ ಸರಿಯಾಗಿ ಕಟ್ತಿದ್ಯಾ ಅಂತ ಅಳಿಯೋದು), ಅದೂ ಸರಿ ಇದ್ರೆ ಇಂಜೆಕ್ಟರು.