ಮೊದಲು ವಹಿ ನೋಡಿ, ಆಮೇಲೆ ಮೆಸೇಜ್

ಬಾಗಲಕೋಟೆ ನವನಗರದ ಮನೆಯಿಂದಲೇ ನಾನು ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುತ್ತೇನೆ. ಆರ್ಡರ್ ಬರುವುದು ವಾಟ್ಸ್‌ಆ್ಯಪ್‌ನಲ್ಲಿ. ಮಾಲು ಹೋಗುವುದು ಸ್ಪೀಡ್ ಪೋಸ್ಟ್ ಇಲ್ಲವೇ ಕೊರಿಯರ್‌ನಲ್ಲಿ. ಹಾಗಾಗಿ ಪಾರ್ಸೆಲ್ ಮೆಸೇಜ್ ಇಲ್ಲದ ದಿನ ನನಗೆ ಇಲ್ಲವೇ ಇಲ್ಲ. ಅದರಲ್ಲಿ ಖರೆ ಯಾವುದು, ಸುಳ್ಳು ಯಾವುದು ಎಂದು ಆರಿಸುವುದೂ ಈಗ ವ್ಯಾಪಾರದ ಕೆಲಸವೇ ಆಗಿದೆ.

ಎಲ್ಲರಿಗೂ ಬರುವ ಮೆಸೇಜ್ ಒಂದಿದೆ. ಮೇಲೆ ಇಂಡಿಯಾ ಪೋಸ್ಟ್ ಹೆಸರು. ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ, ಎರಡು ಸಲ ಬಂದು ಹೋದೆವು, ವಿಳಾಸ ಪೂರ್ತಿ ಇಲ್ಲ, 48 ಗಂಟೆಯೊಳಗೆ ಈ ಲಿಂಕ್‌ನಲ್ಲಿ ಸರಿಮಾಡಿ, ಇಲ್ಲದಿದ್ದರೆ ವಾಪಸ್. ಸುದ್ದಿ ಖರೆಯೋ ಸುಳ್ಳೋ ಎಂದು ನೋಡಿ ಹೇಳುವ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಇದು ಸುಳ್ಳು ಎಂದು ಹೇಳಿದೆ. ವಿಳಾಸ ಸರಿಮಾಡಿ ಎಂದು ಅಂಚೆ ಇಲಾಖೆ ಇಂಥ ಲಿಂಕ್ ಕಳಿಸುವುದಿಲ್ಲ.

ಆದರೂ ನಮ್ಮೂರಿನವರು ನಂಬಲು ಕಾರಣ ಇದೆ. ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಊರಿನ ಭಾಗ ಮುಳುಗಿ ಎಷ್ಟೋ ಮನೆತನಗಳು ನವನಗರಕ್ಕೆ ಬಂದವು. ಇಲ್ಲಿ ವಿಳಾಸ ಎಂದರೆ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಹಳೇ ಊರಿನ ಪಿನ್ 587101, ನಮ್ಮದು 587103. ಸೆಕ್ಟರ್ ಬರೆಯದೆ ಬಿಟ್ಟರೆ ಪಾರ್ಸೆಲ್ ನಿಜವಾಗಿಯೂ ಅಲೆಯುತ್ತದೆ. ಅದಕ್ಕೇ ‘ವಿಳಾಸ ಪೂರ್ತಿ ಇಲ್ಲ’ ಎಂದು ಓದಿದ ಕೂಡಲೇ ಹೌದಿರಬಹುದು ಅನಿಸುತ್ತದೆ. ಕಳಿಸಿದವನಿಗೆ ನಮ್ಮ ಸೆಕ್ಟರ್ ಏನೂ ಗೊತ್ತಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಅದೇ ಮಾತು ಕಳಿಸಿರುತ್ತಾನೆ.

ನಾನು ಮೆಸೇಜ್ ಜೊತೆ ವಾದಕ್ಕೆ ಇಳಿಯುವುದಿಲ್ಲ. ಸೀದಾ ವಹಿ ತೆಗೆಯುತ್ತೇನೆ. ಹೋದ ಮಾಲು, ಬರಬೇಕಾದ ಮಾಲು, ತಾರೀಖು, ಟ್ರ್ಯಾಕಿಂಗ್ ನಂಬರು ಎಲ್ಲ ಅದರಲ್ಲಿ ಇರುತ್ತದೆ. ಸ್ಪೀಡ್ ಪೋಸ್ಟ್ ನಂಬರ್ ಎಂದರೆ ಒಟ್ಟು 13: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ 9 ಅಂಕಿ, ಕೊನೆಗೆ ಐ, ಎನ್. ಸುಳ್ಳು ಮೆಸೇಜ್‌ನಲ್ಲಿ ಸಾಮಾನ್ಯವಾಗಿ ನಂಬರೇ ಇರುವುದಿಲ್ಲ. ಇದ್ದರೂ ನನ್ನ ವಹಿಯಲ್ಲಿ ಇರುವುದಿಲ್ಲ. ಅಲ್ಲಿಗೆ ಮುಗಿಯಿತು. ನಂಬರ್ ಹೊಂದಿಕೆಯಾದರೂ ಲಿಂಕ್ ಮುಟ್ಟುವುದಿಲ್ಲ. ಇಂಡಿಯಾಪೋಸ್ಟ್ ಡಾಟ್ ಗವ್ ಡಾಟ್ ಇನ್ ಎಂದು ನಾನೇ ಟೈಪ್ ಮಾಡಿ ನೋಡುತ್ತೇನೆ. ವ್ಯಾಪಾರ ಇಲ್ಲದವರು ವಹಿ ಇಡಬೇಕಿಲ್ಲ. ತರಿಸಿದ ಆ್ಯಪ್‌ನಲ್ಲೇ ‘ಮೈ ಆರ್ಡರ್ಸ್’ ತೆರೆದು ನೋಡಿದರೆ ಸಾಕು.

ಕಳಿಸಿದವರ ಹೆಸರನ್ನೂ ನೋಡುತ್ತೇನೆ. ಮಾಮೂಲಿ ಮೊಬೈಲ್ ನಂಬರಿನಿಂದಲೋ ಹೊರದೇಶದ ಕೋಡ್‌ನಿಂದಲೋ ಬಂದಿದ್ದರೆ ಅಳಿಸಿಬಿಡುತ್ತೇನೆ. ಕಂಪನಿಗಳ ಎಸ್ಎಂಎಸ್ ಹೆಸರಿನ ಕೊನೆಗೆ 2025ರಿಂದ ಪಿ, ಎಸ್, ಟಿ, ಜಿ ಎಂಬ ಅಕ್ಷರ ಬರುತ್ತಿದೆ. ಜಾಹೀರಾತು, ಸೇವೆ, ಹಣದ ವಹಿವಾಟು, ಸರ್ಕಾರ ಎಂದು ಅರ್ಥ. ಇದು ನೆರವಾಗುತ್ತದೆ, ಆದರೆ ನನಗೆ ವಹಿಯ ಮೇಲೇ ಜಾಸ್ತಿ ಭರವಸೆ.

ಕಷ್ಟ ಇರುವುದು ಗಿರಾಕಿಗಳ ಕಡೆ. ಅವರು ನಿಜವಾಗಿಯೂ ಸೀರೆಗೆ ಕಾಯುತ್ತಿರುತ್ತಾರೆ. ಅದೇ ಹೊತ್ತಿಗೆ ಆ ಮೆಸೇಜ್ ಬಂದರೆ ನಂಬದೆ ಏನು ಮಾಡ್ತಾರೆ? ಬೆಂಗಳೂರಿನಲ್ಲಿರುವ ಮುಧೋಳದ ಹೆಣ್ಣುಮಗಳೊಬ್ಬರು ಫೋನ್ ಮಾಡಿ, “ಅಕ್ಕಾರ, ಸೀರಿ ತಲುಪಿಸಾಕ ಮತ್ತ ಇಪ್ಪತ್ತೈದು ರೂಪಾಯಿ ಕೇಳಾಕತ್ತಾರಲ್ರಿ, ಕಾರ್ಡಿನಾಗ ತುಂಬಬೇಕಂತ” ಎಂದರು. “ತುಂಬಬ್ಯಾಡ್ರಿ, ತಡೀರಿ, ನೋಡಿ ಹೇಳ್ತೀನಿ” ಎಂದೆ. ನಂಬರ್ ಹಾಕಿ ನೋಡಿದರೆ ಪಾರ್ಸೆಲ್ ಇನ್ನೂ ಹುಬ್ಬಳ್ಳಿಯಲ್ಲೇ ಇತ್ತು. ಇನ್ನೂ ಹುಬ್ಬಳ್ಳಿ ಬಿಡದ ಸೀರೆಯನ್ನು ಬೆಂಗಳೂರಿನ ಮನೆಗೆ ಎರಡು ಸಲ ಒಯ್ದವರು ಯಾರು? ಕೇಳುವ ದುಡ್ಡು ಸಣ್ಣದು, ಯಾರೂ ಜಾಸ್ತಿ ಯೋಚಿಸುವುದಿಲ್ಲ. ಮೋಸಗಾರರಿಗೆ ಬೇಕಿರುವುದು ಕಾರ್ಡ್ ನಂಬರು, ಕಾರ್ಡಿನ ಹಿಂದಿರುವ ಸಿವಿವಿ ಅಂಕಿ, ಓಟಿಪಿ.

ಅಂದಿನಿಂದ ಮಾಲು ಬಿಟ್ಟ ದಿನವೇ ರಸೀದಿಯ ಫೋಟೋ ಜೊತೆ ಎರಡು ಸಾಲು ಬರೆಯುತ್ತೇನೆ: ‘ಇದೇ ನಿಮ್ಮ ನಂಬರು. ಅಂಚೆ ಖರ್ಚು ಪೂರ್ತಿ ಕೊಟ್ಟಾಗಿದೆ, ಯಾರು ಕೇಳಿದರೂ ಒಂದು ರೂಪಾಯಿ ಕೊಡಬೇಡಿ, ನನಗೆ ಫೋನ್ ಮಾಡಿ.’ ಆನ್‌ಲೈನ್ ಮಾರುವ ಎಲ್ಲರೂ ಹೀಗೆ ಬರೆಯಲೇಬೇಕು ಅನ್ನುವುದು ನನ್ನ ಒತ್ತಾಯ. ನಮ್ಮನ್ನು ನಂಬಿ ಮುಂಗಡ ಕೊಟ್ಟವರು ಅವರು, ಅಲ್ವಾ?

ಈಗೀಗ ಫೋನೂ ಬರುತ್ತದೆ. ಡೆಲಿವರಿ ಹುಡುಗ ಎಂದು ಹೇಳಿ, ಸ್ಟಾರ್ 21 ಸ್ಟಾರ್ ಒತ್ತಿ ಒಂದು ಮೊಬೈಲ್ ನಂಬರ್ ಹಾಕಿ ಎನ್ನುತ್ತಾರೆ. ಹಾಗೆ ಮಾಡಿದರೆ ನಿಮ್ಮ ಕರೆಗಳೆಲ್ಲ ಅವರಿಗೆ ಹೋಗುತ್ತವೆ, ಕರೆಯಲ್ಲಿ ಬರುವ ಓಟಿಪಿ ಕೂಡ. ಯಾರಾದರೂ ಒತ್ತಿದ್ದರೆ ##002# ಡಯಲ್ ಮಾಡಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಕೆಲವು ಪಾರ್ಸೆಲ್‌ಗೆ ನಿಜವಾಗಿಯೂ ಓಟಿಪಿ ಇರುತ್ತದೆ. ಅದನ್ನು ಪಾರ್ಸೆಲ್ ಕಣ್ಣಿಗೆ ಕಂಡ ಮೇಲೆ, ಬಾಗಿಲಲ್ಲಿ ನಿಂತವರಿಗೆ ಮಾತ್ರ ಹೇಳುತ್ತೇನೆ.

ಕಾರ್ಡ್ ವಿವರ ಕೊಟ್ಟಾಗಿದ್ದರೆ ನಾಚಿಕೆಪಟ್ಟು ಕೂರಬೇಡಿ. ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬಂದ್ ಮಾಡಿಸಿ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ, ಹಿಡಿಯುವುದು ಕಷ್ಟ. ದುಡ್ಡು ಹೋಗಿಲ್ಲ, ಬರೀ ಮೆಸೇಜ್ ಬಂದಿದೆ ಎಂದರೂ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿರುವ ‘ಚಕ್ಷು’ವಿನಲ್ಲಿ ದೂರು ಕೊಡಬಹುದು. ನಾನು ಸ್ಕ್ರೀನ್‌ಶಾಟ್ ತೆಗೆದುಕೊಂಡು ಅಲ್ಲಿ ಹಾಕಿದ ಮೇಲೆಯೇ ಮೆಸೇಜ್ ಅಳಿಸುತ್ತೇನೆ.