ಬೈಕಿನ ಮುಂದಿನ ಶಾಕ್ ಸೋರ್ತೈತಾ? ಸೀಲ್ ತರೋಕೆ ಮುಂಚೆ ಇಷ್ಟು ಮಾಡ್ರಿ

ದಾವಣಗೆರೆ ಸುತ್ತ ಮೆಕ್ಕೆಜೋಳದ ಹೊಲದ ದಾರೀಲಿ ಬೈಕ್ ಓಡ್ಸೋರಿಗೆ ಗೊತ್ತಿರೋದೇ, ಮಳೆ ಬಂದ್ರೆ ಎರೆಮಣ್ಣು ಶಾಕ್ ಪೈಪಿಗೆ ಸಿಡಿದು ಒಣಗಿ ಕಲ್ಲಾಗ್ತೈತೆ, ಆಮೇಲೆ ಹಂಪ್ ಹತ್ತಿಸ್ದಾಗೆಲ್ಲ ಅದು ಸೀಲ್ (ಆಯಿಲ್ ಹೊರಗೆ ಬರದಂಗೆ ತಡೆಯೋ ರಬ್ಬರ್ ಉಂಗುರ) ಒಳಗೆ ಸೇರ್ಕೊಂಡು ಆಯಿಲ್ ಜಿನುಗೋಕೆ ಶುರು. ಹಂಗಂತ ತಕ್ಷಣ ಬಿಚ್ಚಬೇಡ್ರಿ.

ಆ ಸೀಲಿನ ಮೇಲೆ ಧೂಳು ತಡೆಯೋ ಡಸ್ಟ್ ಸೀಲ್ ಇರ್ತೈತೆ, ಅದನ್ನ ಮೇಲಕ್ಕೆ ಎಬ್ಬಿಸಿ, ಹಳೇ ಎಕ್ಸರೇ ಫಿಲ್ಮ್ ಇದ್ರೆ ತುದಿ ಕೊಕ್ಕೆ ಥರ ಕತ್ತರಿಸಿ ಪೈಪಿಗೂ ಒಳಗಿನ ಆಯಿಲ್ ಸೀಲಿಗೂ ಮಧ್ಯ ತೂರಿಸಿ ಸುತ್ತಲೂ ಎಳೀರಿ, ಮಣ್ಣು ಕಪ್ಪಗೆ ಕಿತ್ಕೊಂಡು ಬರ್ತೈತೆ. ಒರೆಸಿ ಓಡ್ಸಿ ನೋಡ್ರಿ, ಎಷ್ಟೋ ಸಲ ಅಷ್ಟಕ್ಕೇ ನಿಂತೋಗ್ತೈತೆ. ಆಯಿಲ್ ಬ್ರೇಕ್ ಡಿಸ್ಕ್ ಮೇಲೆ ಇಳಿದಿದ್ರೆ ಮಾತ್ರ ಗಾಡಿ ಹೊರಗೆ ತೆಗೀಬೇಡ್ರಿ.

ನಿಲ್ಲಲಿಲ್ವಾ? ಪೈಪ್ ಮೇಲೆ ಉಗುರು ಸವರಿ. ಉಗುರು ತಡವರಿಸ್ತು ಅಂದ್ರೆ ಕ್ರೋಮ್ ತುಕ್ಕು ತಿಂದು ಗುಳಿ ಬಿದ್ದೈತೆ, ಅದರ ಮೇಲೆ ಹೊಸ ಸೀಲ್ ಹಾಕಿದ್ರೂ ಹರಿದೇ ಹೋಗ್ತೈತೆ, ದುಡ್ಡು ದಂಡ.

ಪೈಪ್ ನುಣ್ಣಗಿದ್ದು ಬರೀ ಆಯಿಲ್ ಬದಲಾಯಿಸೋದಾದ್ರೆ ಮನೇಲೇ ಆಗ್ತೈತೆ. ಮೇನ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಗಟ್ಟಿ ಆಸರೆ ಕೊಟ್ಟು ಮುಂದಿನ ಚಕ್ರ ಎತ್ರಿ. ಶಾಕ್ ಪೈಪ್ ಎರಡನ್ನೂ ಹಿಡಿದಿರೋ ಅಡ್ಡ ಪಟ್ಟಿಗೆ ಟೀ ಅಂತಾರೆ, ಮೇಲೊಂದು ಕೆಳಗೊಂದು. ಮೇಲಿನ ಟೀಲಿ ಪೈಪನ್ನ ಬಿಗಿದಿರೋ ಬೋಲ್ಟ್ ಸಡಿಲ ಮಾಡಿ, ಶಾಕ್ ಇನ್ನೂ ಗಾಡೀಲಿ ಇರೋವಾಗ್ಲೇ ಟಾಪ್ ಬೋಲ್ಟನ್ನ (ಪೈಪಿನ ಮೇಲ್ತುದಿ ಮುಚ್ಚಿರೋದು) ಸ್ವಲ್ಪ ತಿರುಗಿಸಿಟ್ಕೊಳ್ರಿ, ಬಿಚ್ಚಿ ಕೈಯಲ್ಲಿ ಹಿಡ್ಕೊಂಡ್ರೆ ಪೈಪೂ ಜೊತೆಗೇ ತಿರುಗ್ತೈತೆ. ಆಮೇಲೆ ಚಕ್ರ, ಮಡ್‌ಗಾರ್ಡ್, ಡಿಸ್ಕ್ ಹಿಡಿಯೋ ಕ್ಯಾಲಿಪರ್ ತೆಗೆದು (ಕ್ಯಾಲಿಪರನ್ನ ತಂತೀಲಿ ಕಟ್ರಿ, ಬ್ರೇಕ್ ಪೈಪಿಗೆ ಜೋತು ಬಿಡಬೇಡ್ರಿ) ಕೆಳಗಿನ ಟೀ ಬೋಲ್ಟೂ ಸಡಿಲ ಮಾಡಿ ಶಾಕ್ ಎರಡೂ ಇಳಿಸ್ರಿ. ಟಾಪ್ ಬೋಲ್ಟ್ ಪೂರ್ತಿ ಬಿಚ್ಚೋವಾಗ ಮುಖ ದೂರ ಇರ್ಲಿ, ಸ್ಪ್ರಿಂಗ್ ಚಿಮ್ಮುತ್ತೆ. ತಲೆಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿ ಆಯಿಲೆಲ್ಲ ಬಸೀರಿ.

ಇಳಿದಷ್ಟೇ ಹೊಸದು ಹಾಕಿದ್ರಾಯ್ತು ಅನ್ನೋ ಲೆಕ್ಕ ಬೇಡ, ಸೋರಿ ಹೋಗಿರೋದನ್ನ ಯಾರ್ ಅಳೀತಾರೆ? ಗಾಡಿ ಬುಕ್ಕಲ್ಲಿರೋ ಎಂ.ಎಲ್. ನೋಡಿ ಸಿರಿಂಜಲ್ಲಿ ಎರಡೂ ಕಡೆ ಸಮ ಹಾಕ್ರಿ, ನಿಧಾನ ಆಡಿಸಿ ಗಾಳಿ ಬಿಡಿಸ್ರಿ. ಇಂಜಿನ್ ಆಯಿಲ್ ಬೇಡ, ಫೋರ್ಕ್ ಆಯಿಲೇ ಬೇಕು. ಸಾದಾ ಗಾಡೀಲಿ ಅಡ್ಜಸ್ಟ್ ಮಾಡೋ ನಾಬ್ ಇರಲ್ಲ, ನಿಮ್ ಕೈಲಿರೋದು ಆಯಿಲ್ ಗ್ರೇಡ್ ಒಂದೇ: ದಪ್ಪ ಹಾಕಿದ್ರೆ ಶಾಕ್ ಬಿಗೀತೈತೆ, ಚಿತ್ರದುರ್ಗದ ಹೈವೇಲಿ ಹಾಯನ್ಸಿದ್ರೂ ಹಳ್ಳಿ ದಾರೀಲಿ ಮುಂಗೈ ನೋಯ್ತೈತೆ. ಕಂಪನಿ ಹೇಳಿದ್ದೇ ಹಾಕೋದು ಒಳ್ಳೇದು ನನ್ ಪ್ರಕಾರ.

ಸೀಲೇ ಬದಲಾಯಿಸ್ಬೇಕು ಅಂದ್ರೆ ತಳದ ಅಲೆನ್ ಬೋಲ್ಟ್ ಬಿಚ್ಚಬೇಕು, ಒಳಗಿನ ರಾಡ್ ಜೊತೆಗೇ ತಿರುಗಿ ಸತಾಯಿಸ್ತೈತೆ. ಆವಾಗ ಸ್ಪ್ರಿಂಗ್ ತೆಗೀದೆ ಶಾಕ್ ಹಂಗೇ ಗ್ಯಾರೇಜಿಗೆ ಒಯ್ರಿ, ಬೋಲ್ಟ್ ಬಿಚ್ಚೋ ಇಂಪ್ಯಾಕ್ಟ್ ಗನ್ ಹಾಕಿ ಬಿಚ್ಚಿಕೊಡ್ತಾರೆ.

ವಾಪಸ್ ಜೋಡಿಸಿದ್ಮೇಲೆ ಮೇಲೆ ಕೆಳಗಿನ ಟೀ ಬೋಲ್ಟ್, ಟಾಪ್ ಬೋಲ್ಟ್, ಆಕ್ಸಲ್ ನಟ್ ಎಲ್ಲಾ ಬಿಗಿ ಮಾಡಿದ್ರಾ ನೋಡ್ರಿ, ಬ್ರೇಕ್ ಲಿವರ್ ಗಟ್ಟಿಯಾಗೋವರೆಗೂ ಒತ್ತಿ, ಆಮೇಲೆ ಗಾಡಿ ಹತ್ರಿ.